ಡಾರ್ಕಸಳ ಸೊಟ್ಟ ಡ್ರಮ್ಮು

ಡಾರ್ಕಸ್ ಟ್ರೋಮನ್ಸಳಿಗೆ ಎಡಗಿವಿ ಕೇಳುವುದಿಲ್ಲವೆಂಬುದು ಇಂಗ್ಲೆಂಡಿನ ನಮ್ಮ ಲೈ ಊರಿಗೆಲ್ಲ ಗೊತ್ತಿತ್ತು. ಬಲಗಿವಿ ಕೇಳುತ್ತದೆಂಬುದನ್ನು ಮಾತ್ರ ಎಲ್ಲರೂ ಮರೆತುಬಿಟ್ಟಿದ್ದೆವು. ಮರೆತವರಲ್ಲಿ ಮೊದಲಿಗ ನಾನೇ, ಸೈಲಸ್ ಪರ್ಕ್ಸ್. ಅವಳ ಪಕ್ಕದ ಬೆಂಚಿನಲ್ಲಿ ಇಪ್ಪತ್ತೆರಡು ವರ್ಷ ನಿಂತು ಬಕೆಟ್ಟಿಗೆ ಕಿವಿ ಹೊಡೆದವನು. ಹಿಡಿಕೆ ಸಿಕ್ಕಿಸುವ ಆ ಎರಡು ತುಂಡು ತಗಡಿಗೆ ನಾವು ಕಿವಿ ಅನ್ನುತ್ತೇವೆ. ಲಕ್ಷಾಂತರ ಬಕೆಟ್ಟಿಗೆ ಕಿವಿ ಕೊಟ್ಟವನು ಪಕ್ಕದವಳ ಕಿವಿಯನ್ನು ನಂಬಲಿಲ್ಲ. ಈ ಮಾತು ಹೇಳಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಹದಿನಾಲ್ಕು ವರ್ಷಕ್ಕೇ ಅವಳು ಬಕೆಟ್ಟಿನ ಕಾರ್ಖಾನೆಗೆ ಸೇರಿದ್ದಳು. ತಗಡನ್ನು ಬಾಗಿಸಿ, ಎರಡು ಅಂಚನ್ನು ಒಂದಕ್ಕೊಂದು ಮಡಚಿ, ಸುತ್ತಿಗೆಯಿಂದ ಬಡಿದು ಬಕೆಟ್ಟಿನ ಮೈ ಮಾಡುವುದು ಅವಳ ಕೆಲಸ. ಮೋಟು ಹೆಂಗಸು, ಮುಂಗೈ ಮಾತ್ರ ನನ್ನದಕ್ಕಿಂತ ದಪ್ಪ. ಅಚ್ಚು ಒತ್ತುವ ದೊಡ್ಡ ಯಂತ್ರ ಅವಳ ಎಡಕ್ಕಿತ್ತು. ಎಡಗಿವಿಯನ್ನು ಅದೇ ತಿಂದಿತು. ಒಂದೊಂದು ಬಕೆಟ್ಟು ಮುಗಿದಾಗಲೂ ಅವಳು ಅದನ್ನು ಬಲಗಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟುತ್ತಿದ್ದಳು. ಮಡಿಕೆ ಬಿಗಿಯಾಗಿದ್ದರೆ ಗಂಟೆಯ ಹಾಗೆ ನಾದ. ಎಲ್ಲಾದರೂ ಸಡಿಲವಿದ್ದರೆ ಒಳಗೆ ನೊಣ ಸಿಕ್ಕಿಕೊಂಡಂತೆ ಒಂದು ಗುಂಯ್. ಗುಂಯ್ ಅಂದದ್ದು ಮೂಲೆಗೆ ಬೀಳುತ್ತಿತ್ತು.

ಒಂದು ಸಲ ಕೈಯಲ್ಲಿ ಗಡಿಯಾರ ಹಿಡಿದು ಹೊಸ ಮ್ಯಾನೇಜರ್ ಬಂದ.

"ಮಿಸೆಸ್ ಟ್ರೋಮನ್ಸ್, ನೀವು ತಟ್ಟೋದ್ರಲ್ಲೇ ದಿನಕ್ಕೆ ಇಪ್ಪತ್ತು ನಿಮಿಷ ಹೋಗತ್ತೆ."

"ಹೋಗ್ಲಿ ಬಿಡಿ."

"ನಾಳೆಯಿಂದ ತಟ್ಟೋ ಹಾಗಿಲ್ಲ."

"ಹಾಗಾದ್ರೆ ನಾಳೆಯಿಂದ ನೀವೇ ಬಡೀರಿ, ನಾನು ಗಡಿಯಾರ ಹಿಡ್ಕೋತೀನಿ."

ಅವಳನ್ನು ಒಂದು ವಾರ ಕಸ ಗುಡಿಸಲು ಹಾಕಿದರು. ಆ ವಾರದ ಬಕೆಟ್ಟುಗಳನ್ನು ಒಂದು ಹಾಲಿನ ಡೈರಿ ಕೊಂಡಿತ್ತು. ಅಷ್ಟೂ ಸೋರುತ್ತವೆಂದು ಲಾರಿಯಲ್ಲಿ ಹಿಂದಕ್ಕೆ ಬಂದವು. ಸೋಮವಾರ ಡಾರ್ಕಸ್ ತನ್ನ ಬೆಂಚಿಗೆ ಮರಳಿ ಮೊದಲ ಬಕೆಟ್ಟನ್ನು ಮ್ಯಾನೇಜರನ ಕೋಣೆಯ ಬಾಗಿಲಲ್ಲೇ ನಿಂತು ತಟ್ಟಿದಳು.

ಲೆನಿ ವರ್ಟನ್ ನಮ್ಮಲ್ಲಿಗೆ ಬಂದದ್ದು ಅದಾದ ಎಂಟು ವರ್ಷಕ್ಕೆ, ಸಾವಿರದ ಒಂಬೈನೂರ ಅರವತ್ತಾರರಲ್ಲಿ. ಮುಂದೆ ಕೋಲ್‌ಬೋಟ್ ಬ್ಯಾಂಡಿನಲ್ಲಿ ಬಾರಿಸಿ ಜಗತ್ತಿಗೆಲ್ಲ ಹೆಸರಾದನಲ್ಲ, ಅದೇ ಲೆನಿ. ಆಗ ಅವನಿಗೆ ಹತ್ತೊಂಬತ್ತು. ಕುದಿಯುವ ಸತುವಿನ ತೊಟ್ಟಿಯಲ್ಲಿ ಬಕೆಟ್ಟು ಅದ್ದುವ ಕೆಲಸ. ಆ ಕೆಲಸಕ್ಕೊಂದು ಲಯವಿದೆ. ಅದ್ದು, ಕಾಯಿ, ಎತ್ತು. ಎತ್ತುವ ಮುಂಚೆ ಒಂದು ಕೂದಲಿನಷ್ಟು ಹೆಚ್ಚು ಕಾಯಬೇಕು, ಇಲ್ಲದಿದ್ದರೆ ಸತು ಹಿಡಿಯುವುದಿಲ್ಲ. ಅವಸರದವರು ಅಲ್ಲಿ ಬಾಳುವುದಿಲ್ಲ. ಲೆನಿ ಬಾಳಿದ. ಭಾನುವಾರ ಮಧ್ಯಾಹ್ನ ನಮ್ಮ ಕಾರ್ಮಿಕರ ಕ್ಲಬ್ಬಿನಲ್ಲಿ ಬಾರಿಸುವಾಗಲೂ ಅವನು ಹಾಗೆಯೇ. ಹಾಡು ಮುಂದೆ ಹೋಗಿಬಿಟ್ಟಿತು, ಇವನ ಪೆಟ್ಟು ಬರಲೇ ಇಲ್ಲ ಅಂದುಕೊಳ್ಳುವಷ್ಟರಲ್ಲಿ ಬಂದು ಬೀಳುತ್ತಿತ್ತು. ಕುಡಿಯುತ್ತಿದ್ದವರ ಭುಜ ತಾನಾಗಿ ಅಲ್ಲಾಡುತ್ತಿತ್ತು.

ಆದರೆ ಅವನ ಮೊಣಕಾಲ ನಡುವಿನ ಸ್ನೇರ್ ಡ್ರಮ್ಮು, ತಳದ ಚರ್ಮಕ್ಕೆ ತಂತಿ ಸುರುಳಿ ಬಿಗಿದಿರುತ್ತದಲ್ಲ, ಆ ಚಿಕ್ಕದು, ಮರದ ಪದರ ಕಿತ್ತು ಎರಡಾಗಿತ್ತು. ಒಂದು ದಿನ ಊಟದ ಬಿಡುವಿನಲ್ಲಿ ಡಾರ್ಕಸಳ ಬೆಂಚಿಗೆ ಬಂದ.

"ಡಾರ್ಕಸ್ ಆಂಟಿ, ನಂಗೊಂದು ಡ್ರಮ್ಮಿನ ಮೈ ಮಾಡ್ಕೊಡ್ತೀರಾ? ತಗಡಿಂದೇ ಆಗ್ಲಿ."

"ನಾನು ಬಕೆಟ್ ಮಾಡೋಳು ಕಣೋ."

"ತಳ ಇಲ್ದಿರೋ ಬಕೆಟ್ ಅಂದ್ಕೊಳಿ."

ಬಿಡುವಿನಲ್ಲಿ ಸ್ವಂತಕ್ಕೆ ಏನಾದರೂ ಮಾಡಿಕೊಳ್ಳುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸವೇ. ನಾನು ಪಾರಿವಾಳದ ಗೂಡು ಮಾಡಿಕೊಂಡಿದ್ದೆ. ಮೇಸ್ತ್ರಿ ಆ ಹೊತ್ತಿಗೆ ಸರಿಯಾಗಿ ಕಿಟಕಿಯಾಚೆ ನೋಡುತ್ತ ಸಿಗರೇಟು ಸೇದುತ್ತಿದ್ದ. ಡಾರ್ಕಸ್ ಎರಡು ಬಿಡುವಿನಲ್ಲಿ ಮೈ ಬಡಿದು ಮುಗಿಸಿದಳು. ಲೆನಿ ಅದನ್ನು ತಾನೇ ಸತುವಿನಲ್ಲಿ ಅದ್ದಿದ. ಹಳೆಯ ಡ್ರಮ್ಮಿನ ಚರ್ಮ, ಅದನ್ನು ಬಿಗಿಹಿಡಿಯುವ ಬಳೆ, ತಿರುಪು ಎಲ್ಲ ತಂದು ಜೋಡಿಸಲು ಕೂತ. ಮೇಲಿನ ಬಳೆ ಚೆನ್ನಾಗಿ ಕೂತಿತು. ಕೆಳಗಿನದು ಲೊಡಲೊಡ ಅಂತು.

ನೋಡಿದರೆ ಡ್ರಮ್ಮು ಕೆಳಗೆ ಕಿರಿದಾಗಿದೆ. ಬಕೆಟ್ಟಿನ ಹಾಗೆಯೇ. ಇಪ್ಪತ್ತೆಂಟು ವರ್ಷ ಬಾಯಿ ಅಗಲ, ತಳ ಕಿರಿದು ಎಂದು ಬಡಿದ ಕೈ, ಹೇಳದೆ ಕೇಳದೆ ಇದನ್ನೂ ಹಾಗೆಯೇ ಬಡಿದಿತ್ತು.

ಊಟದ ಕೋಣೆಯೆಲ್ಲ ನಕ್ಕಿತು. ನಾನು ಜೋರಾಗಿ ನಕ್ಕೆ. "ಇದಕ್ಕೂ ಕಿವಿ ಹೊಡೀಲಾ ಹುಡುಗೀ?" ಅಂದೆ. ನಮ್ಮಲ್ಲಿ ಎಂಬತ್ತರ ಮುದುಕಿಯೂ ಹುಡುಗಿಯೇ. ಡಾರ್ಕಸಳ ಮುಖ ಕೆಂಪಗಾಯಿತು. "ಕೊಡೋ ಇಲ್ಲಿ, ನಾಳೆ ಬೇರೆ ಮಾಡ್ತೀನಿ," ಎಂದು ಕೈ ಚಾಚಿದಳು. ಲೆನಿ ಕೊಡಲಿಲ್ಲ. ಅವಳ ಚರ್ಮದ ಏಪ್ರನ್ನಿನ ಅಂಚಿನಿಂದ ಒಂದು ಪಟ್ಟಿ ಕತ್ತರಿಸಿ, ಸಡಿಲ ಬಳೆಯ ಒಳಗೆ ತುರುಕಿ, ತಿರುಪು ಬಿಗಿದು, ಒಂದು ಏಟು ಹಾಕಿದ.

ಆ ಸದ್ದನ್ನು ಹೇಗೆ ಹೇಳಲಿ? ಮೊದಲು ಒಣ ಕಟ್ಟಿಗೆ ಮುರಿದಂತೆ ಛಟ್. ಅದರ ಬೆನ್ನಿಗೇ, ಖಾಲಿ ಬಕೆಟ್ಟನ್ನು ಕಲ್ಲಿನ ಮೇಲೆ ಕುಕ್ಕಿದಂತೆ ಒಂದು ಗಿಡ್ಡ ನಾದ. ಎದ್ದಿತು ಅನ್ನುವಷ್ಟರಲ್ಲಿ ಮುಚ್ಚಿಕೊಂಡಿತು. ಎದೆಗೆ ತಾಗಿತು. ನಗು ನಿಂತು ಹೋಯಿತು. ಡಾರ್ಕಸ್ ಎದ್ದು ಬಂದು, ಬಲಗಿವಿಯನ್ನು ಬಗ್ಗಿಸಿ, ಗೆಣ್ಣಿನಿಂದ ಮೈಯನ್ನು ತಟ್ಟಿದಳು.

"ಸೊಟ್ಟಗಿದೆ," ಅಂದಳು. "ಸೋರಲ್ಲ."

ಅವಳ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾನು ಕೇಳಿಲ್ಲ.

ಮುಂದಿನದು ನಿಮಗೆ ಗೊತ್ತಿದ್ದದ್ದೇ. ಎರಡು ವರ್ಷದಲ್ಲಿ ಲೆನಿ ಲಂಡನ್ನಿಗೆ ಹೋದ, ಐದು ವರ್ಷದಲ್ಲಿ ಅಮೆರಿಕ ಗೆದ್ದ. ಆಗ ಡ್ರಮ್ಮಿನ ನಾದವನ್ನು ಕೊಲ್ಲುವುದೇ ಫ್ಯಾಷನ್. ಸ್ಟುಡಿಯೋದವರು ಚರ್ಮಕ್ಕೆ ಅಂಟುಪಟ್ಟಿ ಹಚ್ಚಿ, ಮೇಲೆ ಟವಲು ಹೊದಿಸಿ, ಹೆಣಕ್ಕೆ ಮುಸುಕು ಹಾಕಿದಂತೆ ಮಾಡುತ್ತಿದ್ದರು. ಲೆನಿ ಆ ಟವಲಿನಲ್ಲಿ ಬೆವರು ಒರೆಸಿಕೊಂಡು ಮೂಲೆಗೆ ಎಸೆಯುತ್ತಿದ್ದನಂತೆ. ಮೂರನೆಯ ರೆಕಾರ್ಡು ಬಂದಾಗ ಆ ಛಟ್ಟು, ಆ ಗಿಡ್ಡ ನಾದ ಎಲ್ಲ ರೇಡಿಯೋದಲ್ಲಿ. ದೇಶದೇಶದ ಡ್ರಮ್ಮಿನವರು ಅದರ ಗುಟ್ಟು ಹುಡುಕಿ ತಲೆ ಕೆಡಿಸಿಕೊಂಡರು. ಹಿತ್ತಾಳೆಯದೆಂದರು, ಕಂಚಿನದೆಂದರು. ಅವನನ್ನೇ ಕೇಳಿದರೆ, "ಲೈ ಊರಲ್ಲಿ ಒಬ್ರು ಆಂಟಿ ಬಕೆಟ್ ಮಾಡ್ತಾರೆ, ಅವರನ್ನ ಕೇಳಿ," ಎನ್ನುತ್ತಿದ್ದ. ತಮಾಷೆ ಎಂದುಕೊಂಡು ನಕ್ಕು ಬರೆದುಕೊಂಡರು. ಒಬ್ಬನೂ ಬಂದು ಕೇಳಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಅವರ ಸಾಮಾನಿನ ಲಾರಿಗೆ ಬೆಂಕಿ ಬಿದ್ದು ಡ್ರಮ್ಮು ಸುಟ್ಟು ಮುದುಡಿಹೋಯಿತು. ಎರಡು ವರ್ಷಕ್ಕೆ ಲೆನಿಯೂ ಹೋದ, ಎದೆಬಡಿತ ನಿಂತು, ಮೂವತ್ನಾಲ್ಕಕ್ಕೇ. ಆಮೇಲೆ ಕಾರ್ಖಾನೆಯೂ ಮುಚ್ಚಿತು. ಆ ಸದ್ದು ಉಳಿದದ್ದು ರೆಕಾರ್ಡಿನಲ್ಲಿ ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ, ಡಾರ್ಕಸಳ ಹಟಕ್ಕೆ ಕಾರಣ ಇದೇ.

ತೊಂಬತ್ತೆಂಟರಲ್ಲಿ ರೆಕಾರ್ಡು ಕಂಪನಿಯವರು ಆ ಮೂರನೆಯ ರೆಕಾರ್ಡನ್ನು "ತೊಳೆದು ಹೊಸದು ಮಾಡಿ" ಸಿ.ಡಿ. ತಂದರು. ಒಂದು ಭಾನುವಾರ ಕ್ಲಬ್ಬಿನಲ್ಲಿ ಬೂದು ಬಟಾಣಿ, ಬೇಕನ್ ತಿನ್ನುತ್ತ ಹಾಕಿ ಕೇಳಿದೆವು. ಆಹಾ, ಎಷ್ಟು ಸ್ಪಷ್ಟ, ಎಷ್ಟು ಚೊಕ್ಕ ಎಂದು ಎಲ್ಲರೂ ತಲೆದೂಗಿದೆವು. ಡಾರ್ಕಸ್ ಚಮಚ ಕೆಳಗಿಟ್ಟಳು. ಆಗ ಅವಳಿಗೆ ಎಪ್ಪತ್ನಾಲ್ಕು.

"ಇದು ಲೆನಿ ಡ್ರಮ್ಮಲ್ಲ."

"ಏನಂದೆ?" ಎಂದು ಕೇಳಿದೆ.

"ಅವನ ಸ್ನೇರ್ ತೆಗೆದುಬಿಟ್ಟಿದಾರೆ. ಬೇರೆ ಯಾವ್ದೋ ಹಾಕಿದಾರೆ."

ಕ್ಲಬ್ಬಿನ ಕಾರ್ಯದರ್ಶಿ ನಾನು. ನಾಲ್ಕು ಜನ ನೋಡುತ್ತಿದ್ದರು, ನಾಲಿಗೆ ತುರಿಸಿತು. "ಹುಡುಗೀ, ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ. ಡ್ರಮ್ಮು ಬದಲಾಗಿಲ್ಲ, ನಿನ್ನ ಕಿವಿ ಸವೆದಿದೆ. ಅರ್ಧ ಹೋಗಿತ್ತು, ಇನ್ನರ್ಧನೂ ಹೋಯ್ತು ಅನ್ಕೋ."

ಎಲ್ಲರೂ ನಕ್ಕರು. ಅವಳು ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು. ಮೂವತ್ತು ವರ್ಷ ಒಂದೇ ಮೇಜಿನಲ್ಲಿ ಉಂಡವರು ನಾವು.

ಅವಳು ಕಂಪನಿಗೆ ಕಾಗದ ಬರೆದಳು. ಉತ್ತರವಾಗಿ ವಂದನೆಯ ಎರಡು ಸಾಲು ಮತ್ತು ಲೆನಿಯ ಒಂದು ಚಿತ್ರ ಬಂತು. ಮತ್ತೆ ಬರೆದಳು, ಮತ್ತೆ ಅದೇ ಚಿತ್ರ. ಐದು ಚಿತ್ರ ಸೇರಿದವು. ಅವುಗಳ ಹಿಂದೆ ಅಂಗಡಿ ಸಾಮಾನಿನ ಪಟ್ಟಿ ಬರೆದಳು. ಊರಿನವರು ಅವಳನ್ನು ಕಂಡರೆ ಕಿವಿಯ ಹಿಂದೆ ಕೈಯಿಟ್ಟು "ಆಂ? ಆಂ?" ಎಂದು ಅಣಕಿಸುತ್ತಿದ್ದರು. ಅವಳು ಒಂದು ದಿನವೂ ತಲೆ ತಗ್ಗಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮಂಥವರನ್ನು ನೋಡಿಯೇ ಹುಟ್ಟಿದ ಮಾತು.

ಅಷ್ಟರಲ್ಲಿ ಕಂಪನಿಯವರೇ ಲೈಗೆ ಬರುವುದೆಂದಾಯಿತು. ಕ್ಲಬ್ಬಿನ ಗೋಡೆಗೆ ಲೆನಿಯ ಹೆಸರಿನ ಫಲಕ ಹಾಕುವುದು, ಸಿ.ಡಿ. ತೊಳೆದ ಎಂಜಿನಿಯರು ಫೆರರ್ಸ್ ಎಂಬಾತ ಮಾತಾಡುವುದು. ಕಮಿಟಿಯವರು ನನ್ನನ್ನು ಡಾರ್ಕಸಳ ಮನೆಗೆ ಅಟ್ಟಿದರು. ಗಲಾಟೆ ಮಾಡಬೇಡವೆಂದು ಹೇಳಿ, ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟು ಬಾಯಿ ಮುಚ್ಚಿಸುವುದು ನನ್ನ ಕೆಲಸ.

ಹಿತ್ತಲಿನ ಬಟ್ಟೆ ಒಗೆಯುವ ಕೋಣೆಯಿಂದ ಸುತ್ತಿಗೆ ಸದ್ದು ಬರುತ್ತಿತ್ತು. ಇಣುಕಿದೆ. ಗೋಡೆಗೆ ನೇತುಹಾಕಿರುತ್ತಿದ್ದ ಹಳೆಯ ಸ್ನಾನದ ತೊಟ್ಟಿಯನ್ನು ಕತ್ತರಿಸಿ ಹಾಸಿದ್ದಳು, ನಮ್ಮದೇ ಕಾರ್ಖಾನೆಯ ಮಾಲು. ನೆಲದಲ್ಲಿ ಎರಡು ಡ್ರಮ್ಮಿನ ಮೈ ಬಿದ್ದಿದ್ದವು. ಅವಳ ಬೆರಳುಗಳು ಗಂಟುಗಂಟಾಗಿ, ಸುತ್ತಿಗೆ ಹಿಡಿಯಲು ಎರಡೂ ಕೈ ಬೇಕಾಗಿತ್ತು.

"ಏನ್ ಮಾಡ್ತಿದೀಯ ಹುಡುಗೀ?"

"ತಪ್ಪು ಮಾಡ್ತಿದೀನಿ. ಬರ್ತಾನೇ ಇಲ್ಲ."

ಬಿದ್ದಿದ್ದ ಎರಡನ್ನೂ ಎತ್ತಿ ನೋಡಿದೆ. ಮೊದಲನೆಯದು ನೇರವಾಗಿತ್ತು. ಎರಡನೆಯದು ಬೇಕೆಂದೇ ಓರೆ ಮಾಡಿದ್ದು, ಒಂದು ಕಡೆ ಮಾತ್ರ ಓರೆಯಾಗಿತ್ತು.

"ಡ್ರಮ್ಮು ಅಂತ ಅನ್ಕೊಂಡ್ರೆ ಕೈ ನೇರ ಹೋಗತ್ತೆ," ಅಂದಳು. "ಓರೆ ಮಾಡ್ಬೇಕು ಅಂದ್ರೆ ಸೊಟ್ಟ ಹೋಗತ್ತೆ. ಆವತ್ತು ಏನೂ ಅನ್ಕೊಂಡಿರ್ಲಿಲ್ಲ ಕಣೋ."

ನಾನು ಕಮಿಟಿಯ ಮಾತು ಒದರಿದೆ. ಅವಳು ಎಡಗಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿದಳು. ಆಮೇಲೆ, "ಅಲ್ಲೇ ನಿಂತ್ಕೊ, ಮಾತಾಡ್ತಾ ಇರು. ಕಾರ್ಖಾನೇಲಿ ಕೊರೀತಿದ್ಯಲ್ಲ, ಪಾರಿವಾಳದ ವಿಷ್ಯ, ಹಂಗೇ ಕೊರಿ," ಅಂದಳು. ನಾನು ಪೆದ್ದನಂತೆ ನಿಂತು ಪಾರಿವಾಳದ ಮಾತಾಡಿದೆ. ನನ್ನನ್ನು ಬೈಯುತ್ತ, ಕೈಯ ಕಡೆ ನೋಡದೆ, ಅವಳು ಮೂರನೆಯದನ್ನು ಬಡಿದಳು. ಮುಗಿದ ಮೇಲೆ ಅದನ್ನು ತಲೆಕೆಳಗು ಮಾಡಿ ನೋಡಿ ಏಪ್ರನ್ನಿನಲ್ಲಿ ಸುತ್ತಿಟ್ಟಳು. ನನಗೆ ಹೋಗು ಎಂದಳು.

ಆ ಭಾನುವಾರ ಮಧ್ಯಾಹ್ನ ಕ್ಲಬ್ಬು ತುಂಬಿತ್ತು. ಫೆರರ್ಸ್ ಸಭ್ಯ ಮನುಷ್ಯ, ಮೆತ್ತಗಿನ ಮಾತು. "ನೀವು ಈಗ ಕೇಳೋ ಒಂದೊಂದು ಏಟೂ ಲೆನಿ ವರ್ಟನ್ ಅವರದ್ದೇ," ಎಂದು ಸಿ.ಡಿ. ಹಾಕಿದ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿತು.

"ಹಳೇ ರೆಕಾರ್ಡು ಹಾಕಿ," ಅಂದಳು ಡಾರ್ಕಸ್.

ಹಿಂದಿನಿಂದ ಯಾರೋ "ಆಂ? ಆಂ?" ಅಂದರು. ಕಮಿಟಿಯವರು ನನ್ನನ್ನು ಕೆಕ್ಕರಿಸಿ ನೋಡಿದರು. ಮೈಕು ನನ್ನ ಕೈಯಲ್ಲಿತ್ತು. ಆಗಲೂ ನಾನು ಅವಳನ್ನು ನಂಬಿರಲಿಲ್ಲ. ಆದರೆ ಆ ಗಂಟುಬೆರಳಿನ ಎರಡೂ ಕೈಯಲ್ಲಿ ಅವಳು ಸುತ್ತಿಗೆ ಹಿಡಿದದ್ದನ್ನು ನೋಡಿಬಿಟ್ಟಿದ್ದೆ. "ಹಾಕೋಣ," ಅಂದೆ. ಕ್ಲಬ್ಬಿನ ಹಳೆಯ ಗ್ರಾಮಫೋನ್ ಪೆಟ್ಟಿಗೆಯಲ್ಲಿ ರೆಕಾರ್ಡು ತಿರುಗಿತು. ಚರಚರ ಎಂದಿತು.

"ಹಳೇದು ಸ್ವಲ್ಪ ಮಸುಕು, ಮಿಸೆಸ್ ಟ್ರೋಮನ್ಸ್, ವ್ಯತ್ಯಾಸ ಅಷ್ಟೇ," ಅಂದ ಫೆರರ್ಸ್.

ಅವಳು ಏಪ್ರನ್ನು ಬಿಚ್ಚಿದಳು. ಡ್ರಮ್ಮನ್ನು ಕುರ್ಚಿಯ ಮೇಲಿಟ್ಟಳು. ಬಳೆ, ತಿರುಪು, ಚರ್ಮಗಳನ್ನು ನಮ್ಮ ಭಾನುವಾರದ ಬ್ಯಾಂಡಿನ ಗುಜರಿಯಿಂದ ತಂದಿದ್ದಳು, ಕೆಳಗಿನ ಬಳೆಯೊಳಗೆ ಏಪ್ರನ್ನಿನ ಪಟ್ಟಿ. ಕೋಲೆತ್ತಿ ಒಂದೇ ಒಂದು ಏಟು ಹಾಕಿದಳು.

ಛಟ್. ಮತ್ತೆ ಆ ಗಿಡ್ಡ ನಾದ.

ಐವತ್ತು ದಾಟಿದವರೆಲ್ಲ ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟರು. ಊಟದ ಕೋಣೆ, ಸತುವಿನ ವಾಸನೆ, ಲೆನಿಯ ತೆಳ್ಳನೆಯ ಕುತ್ತಿಗೆ, ಎಲ್ಲ ನನ್ನ ಮುಂದೆ ಬಂದು ನಿಂತವು. ನನಗೆ ಅಳು ಬಂತು. ಅದನ್ನು ಮುಚ್ಚಿಡುವುದಿಲ್ಲ.

"ಈಗ ನಿಮ್ಮದು ಹಾಕಿ," ಅಂದಳು.

ಸಿ.ಡಿ. ಮತ್ತೆ ಹಾಡಿತು. ಸ್ನೇರ್ ಬಂದಲ್ಲೆಲ್ಲ ಯಾರದೋ ಮನೆಯ ಬಾಗಿಲು ಮುಚ್ಚಿದಂತೆ ಕೇಳಿಸಿತು. ಇಡೀ ಕ್ಲಬ್ಬಿಗೆ ಕೇಳಿಸಿತು. ಈ ಸಲ ಒಬ್ಬನೂ ಚಪ್ಪಾಳೆ ತಟ್ಟಲಿಲ್ಲ.

ಫೆರರ್ಸನ ಮುಖ ಬಿಳುಚಿಕೊಂಡಿತು. ಸುಳ್ಳು ಹೇಳಲು ಬಾರದ ಮನುಷ್ಯ, ಕೊನೆಗೆ ಒಪ್ಪಿಕೊಂಡ. "ಆ ನಾದ ಎಲ್ಲದರ ಮೇಲೂ ಹರಡ್ಕೊಂಡಿತ್ತು. ದೋಷ ಅನ್ಕೊಂಡ್ವಿ. ಒಂದೊಂದು ಏಟಿನ ಜಾಗದಲ್ಲೂ ಬೇರೆ ಒಳ್ಳೇ ಡ್ರಮ್ಮಿನ ಏಟು ಕೂರಿಸಿದೀವಿ. ಎಲ್ಲ ಸರಿಯಾಗಿ ತಾಳದ ಮೇಲೇ ಕೂರಿಸಿದೀವಿ."

"ಸರಿಯಾಗಿ? ಅವನು ಯಾವತ್ತು ಸರಿಯಾಗಿ ಬಾರಿಸಿದ್ದ?" ಡಾರ್ಕಸಳ ಧ್ವನಿ ಮೈಕಿಲ್ಲದೆ ಗೋಡೆಗೆ ಬಡಿಯಿತು. "ಅವನು ಕಾದು ಹೊಡೀತಿದ್ದ. ತೊಟ್ಟಿ ಮುಂದೆ ಬೆಂದು ಕಲ್ತಿದ್ದು ಅದು. ಒಂದು ಕೂದಲಷ್ಟು ಕಾಯೋಕಾಗ್ಲಿಲ್ವಾ ನಿಮಗೆ? ಸತ್ತೋನ ಕೈ ಕತ್ತರಿಸಿ ಬೇರೆಯವನ ಕೈ ಹೊಲ್ದು, ಅವನ ಹೆಸರು ಗೋಡೆಗೆ ಹೊಡೀತೀರಾ?"

ಫೆರರ್ಸ್ ಬಗ್ಗಿ ಡ್ರಮ್ಮಿನ ಅಂಚು ಮುಟ್ಟಿ ನೋಡಿದ. ಆಮೇಲೆ ಮೆಲ್ಲಗೆ, "ಇದನ್ನ ನಮಗೆ ಕೊಡಿ. ಇದರ ಸದ್ದು ಹಿಡಿದು ಅವೆಲ್ಲ ಜಾಗಕ್ಕೂ ಕೂರಿಸ್ತೀನಿ. ಸಿ.ಡಿ. ಪೆಟ್ಟಿಗೆ ಮೇಲೆ ನಿಮ್ಮ ಹೆಸರೂ ಹಾಕಿಸ್ತೀನಿ," ಅಂದ.

ಅವಳು ಗೆದ್ದಳೆಂದು ನಾನು ಅಂದುಕೊಂಡೆ. ಮೂವತ್ತೆರಡು ವರ್ಷ ಯಾರೂ ಕೇಳದಿದ್ದ ಹೆಸರು ಕೊನೆಗೂ ಪೆಟ್ಟಿಗೆಯ ಮೇಲೆ.

"ಇದನ್ನ ಬಾರಿಸಿದ್ದು ನಾನು, ಲೆನಿ ಅಲ್ಲ," ಅಂದಳು ಡಾರ್ಕಸ್. "ಇದನ್ನ ಅವನದ್ದು ಅಂತ ಹಾಕಿದ್ರೆ ನಿಮಗೂ ನನಗೂ ಏನು ವ್ಯತ್ಯಾಸ? ಅವನು ಬಾರಿಸಿದ್ದು ನಿಮ್ಮ ಟೇಪಲ್ಲೇ ಇದೆಯಲ್ಲ. ಅದನ್ನ ವಾಪಸ್ ಹಾಕಿ. ಧೂಳು ಸಮೇತ ಹಾಕಿ."

ಎಂದವಳೇ ಆ ಡ್ರಮ್ಮನ್ನು ತಂದು ನನ್ನ ಮಡಿಲಲ್ಲಿ ಹಾಕಿದಳು. "ಸೈಲಸ್, ಚರ್ಮ ಕಿತ್ತಾಕು. ಇದಕ್ಕೆ ಕಿವಿ ಹೊಡಿ."

"ಹುಡುಗೀ, ಬೇಡ..."

"ಹೊಡಿ ಅಂದೆ. ನಾನು ಹೋದ್ಮೇಲೆ ಯಾವನೂ ಇದನ್ನ ಲೆನಿ ಡ್ರಮ್ಮು ಅಂತ ಮಾರಬಾರ್ದು."

ಫೆರರ್ಸ್ ಅಂಗಲಾಚಿದ. ಅವಳು ಎಡಗಿವಿ ತಿರುಗಿಸಿದಳು.

ಮರುದಿನ ಹಳೆಯ ಸುತ್ತಿಗೆ ಹುಡುಕಿ ತೆಗೆದೆ. ತಿರುಪಿನ ತೂತುಗಳಿಗೆಲ್ಲ ರಿವೆಟ್ ಹೊಡೆದು ಮುಚ್ಚಿದೆ. ಅವಳು ತಳ ಕೂರಿಸಿ ಬೆಸುಗೆ ಹಾಕಿದಳು. ಎರಡು ಕಿವಿ, ಒಂದು ಹಿಡಿಕೆ. ಆರಿಂಚು ಆಳದ ಬಕೆಟ್ಟು, ಕೋಳಿಗೆ ನೀರಿಡುವುದಕ್ಕೇ ಸರಿ. ರಿವೆಟ್ ಹೊಡೆಯುತ್ತಲೇ, "ಆವತ್ತು ನಾಲ್ಕು ಜನರ ಮುಂದೆ ನಿನ್ನ ಕಿವಿ ಬಗ್ಗೆ ಅಂದದ್ದು ನನ್ನ ತಪ್ಪು," ಅಂದೆ.

"ನಾಲ್ಕು ಜನರ ಮುಂದೆ ಅಂದಿದ್ದು ನಾಲ್ಕು ಜನರ ಮುಂದೆ ಹೇಳು," ಅಂದಳು. ಮುಂದಿನ ಭಾನುವಾರ ಮೈಕು ಹಿಡಿದು ಹೇಳಿದೆ. ಅವಳು ತಟ್ಟೆ ಎತ್ತಿಕೊಂಡು ನಮ್ಮ ಮೇಜಿಗೆ ಬಂದಳು.

ಹದಿನಾಲ್ಕು ತಿಂಗಳ ನಂತರ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಚಿತ್ರವಿರಲಿಲ್ಲ, ವಂದನೆಯೂ ಇರಲಿಲ್ಲ. ಒಂದು ಸಿ.ಡಿ., ಅದರ ಜೊತೆ ಫೆರರ್ಸನ ಕೈಬರಹದ ಒಂದು ಸಾಲು: "ಧೂಳು ಸಮೇತ." ಕ್ಲಬ್ಬಿನಲ್ಲಿ ಹಾಕಿದೆವು. ಡಾರ್ಕಸ್ ಬಲಗಿವಿಯನ್ನು ಸ್ಪೀಕರ್ ಪೆಟ್ಟಿಗೆಗೆ ತಾಗಿಸಿ ಕಣ್ಣು ಮುಚ್ಚಿ ನಿಂತಳು. ಹಾಡು ಮುಂದೆ ಹೋಯಿತು. ಏಟು ಬರಲಿಲ್ಲ. ಇನ್ನೂ ಬರಲಿಲ್ಲ.

ಬಂತು.

ಅವಳು ಗೆಣ್ಣಿನಿಂದ ಪೆಟ್ಟಿಗೆಯನ್ನೊಮ್ಮೆ ತಟ್ಟಿ, "ಸೋರಲ್ಲ," ಅಂದಳು.